ಗಗನಯಾತ್ರಿಯ ಮಾತು ಕೇಳಲು ಹೊರಟವರಿಗೆ

ರಾಕೇಶ್ ಶರ್ಮಾ ಅವರನ್ನು ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಯೊಂದಿದೆ: ಮೇಲೆ ದೇವರು ಸಿಕ್ಕಿದನೇ? ಸಿಗಲಿಲ್ಲ ಎಂದೇ ಅವರು ಉತ್ತರಿಸುತ್ತ ಬಂದರು. 1984ರ ಏಪ್ರಿಲ್ 3ರಂದು ಸೋಯುಜ್ ಟಿ–11 ನೌಕೆಯಲ್ಲಿ ಹೊರಟು, ಸಲ್ಯೂತ್–7 ನಿಲ್ದಾಣ ಸೇರಿ, ಸುಮಾರು ಎಂಟು ದಿನ ಬಾಹ್ಯಾಕಾಶದಲ್ಲಿದ್ದು ಮರಳಿದ ಮೊದಲ ಭಾರತೀಯ ಅವರು. ವರ್ಷಗಳು ಉರುಳಿದ ಮೇಲೆ ತಾಯಂದಿರು ಮಕ್ಕಳನ್ನು ಎದುರಿಗೆ ನಿಲ್ಲಿಸಿ, ಈ ಅಂಕಲ್ ಚಂದ್ರನ ಮೇಲೆ ಹೋಗಿ ಬಂದವರು ಎಂದು ಪರಿಚಯ ಮಾಡಿಕೊಡತೊಡಗಿದರು ಎಂದೂ ಅವರು ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಶರ್ಮಾ ಚಂದ್ರನ ಹತ್ತಿರಕ್ಕೂ ಹೋದವರಲ್ಲ. ಅವರಿದ್ದ ನಿಲ್ದಾಣ ನೆಲದಿಂದ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿತ್ತು.

ಅವರಲ್ಲಿ ಕೇಳಬಹುದಾದ ಸಂಗತಿಗಳಿಗೆ ಬರವಿಲ್ಲ. ತೂಕವೇ ಇಲ್ಲದ ಸ್ಥಿತಿಯಲ್ಲಿ ಯೋಗಾಸನ ಮಾಡಿದಾಗ ದೇಹ ಹೇಗೆ ಸ್ಪಂದಿಸಿತು? ಮೇಲಿನಿಂದ ಭಾರತದ ನೆಲದ ಚಿತ್ರಗಳನ್ನು ತೆಗೆಯುವ ಕೆಲಸ ಎಂಥದು? ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಕಟ್ಟಿಕೊಟ್ಟ ಸೂಜಿ ಹಲ್ವ, ಆಲೂ ಛೋಲೆ, ತರಕಾರಿ ಪಲಾವುಗಳನ್ನು ಸಹಯಾತ್ರಿಗಳ ಜೊತೆ ಹಂಚಿಕೊಂಡು ತಿಂದಾಗ ಅವರೇನೆಂದರು? ಮಾಸ್ಕೋ ಬಳಿಯ ಸ್ಟಾರ್ ಸಿಟಿಯಲ್ಲಿ ತಮ್ಮ ಜೊತೆಗೇ ರಷ್ಯನ್ ಕಲಿತು, ತಮ್ಮಷ್ಟೇ ಬೆವರು ಹರಿಸಿ, ಕೊನೆಗೆ ಮೀಸಲು ಯಾತ್ರಿಯಾಗಿ ನೆಲದಲ್ಲೇ ಉಳಿದ ರವೀಶ್ ಮಲ್ಹೋತ್ರ ಅವರ ಬಗ್ಗೆ ಹೇಳಬೇಕಾದದ್ದೇನು? ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂಬ ಪ್ರಧಾನಿ ಇಂದಿರಾ ಗಾಂಧಿಯವರ ಪ್ರಶ್ನೆಗೆ ಇಕ್ಬಾಲರ 'ಸಾರೇ ಜಹಾಂ ಸೆ ಅಚ್ಛಾ' ಗೀತೆಯ ಮೊದಲ ಸಾಲಿನಿಂದ ಶರ್ಮಾ ಕೊಟ್ಟ ಉತ್ತರ ದೇಶಕ್ಕೇ ಬಾಯಿಪಾಠ. ಅದನ್ನು ಇನ್ನೊಮ್ಮೆ ಅವರ ಬಾಯಿಂದ ಹೇಳಿಸುವುದರಲ್ಲಿ ಸಭಿಕರಿಗೆ ಸಿಗುವ ಹೊಸದೇನೂ ಇಲ್ಲ.

ನಿವೃತ್ತ ಗಗನಯಾತ್ರಿಗಳು ಈಗ ಸಾಹಿತ್ಯೋತ್ಸವ, ತಾರಾಲಯ, ಕಾಲೇಜು, ವಿಜ್ಞಾನ ವಸ್ತುಸಂಗ್ರಹಾಲಯ ಹೀಗೆ ಹಲವು ಕಡೆ ಮಾತಿಗೆ ಸಿಗುತ್ತಾರೆ. ಅಂಥ ಒಂದು ಸಂಜೆಯಿಂದ ಕೇಳುಗನಿಗೆ ಎಷ್ಟು ದಕ್ಕುತ್ತದೆ ಎಂಬುದು ಬಹುಪಾಲು ಅವನು ಮಾಡಿಕೊಂಡು ಹೋಗುವ ತಯಾರಿಯ ಮೇಲೆ ನಿಂತಿದೆ. ಭಾಷಣ ಹೇಗೂ ಚೆನ್ನಾಗಿಯೇ ಇರುತ್ತದೆ. ಕೊನೆಯ ಇಪ್ಪತ್ತು ನಿಮಿಷದ ಪ್ರಶ್ನೋತ್ತರವೇ ಆ ಸಂಜೆಯ ನಿಜವಾದ ಸಂಪತ್ತು.

ನಿವೃತ್ತರೇ ಯಾಕೆ ಎಂದರೆ ಅದಕ್ಕೆ ಕಾರಣವಿದೆ. ಸೇವೆಯಲ್ಲಿರುವ ಗಗನಯಾತ್ರಿ ಸಂಸ್ಥೆಯೊಂದರ ಮುಖ. ನಾಸಾದಲ್ಲಿ ಅಂಥವರು ಸರ್ಕಾರಿ ನೌಕರರು. ಅವರನ್ನು ಸಭೆಗೆ ಕರೆಯಬೇಕಾದರೆ ಸಂಸ್ಥೆಗೆ ಅರ್ಜಿ ಹೋಗಬೇಕು, ಗೌರವಧನವನ್ನು ಅವರು ಪಡೆಯುವಂತಿಲ್ಲ, ನಡೆಯುತ್ತಿರುವ ಯೋಜನೆಗಳ ಒಳಗಿನ ಚರ್ಚೆಯನ್ನು ವೇದಿಕೆಯ ಮೇಲೆ ಬಿಚ್ಚಿಡುವುದೂ ಅವರಿಗೆ ಸುಲಭವಲ್ಲ. ನಿವೃತ್ತರಾದ ಮೇಲೆ ಆ ಬಿಗಿ ಸಡಿಲವಾಗುತ್ತದೆ. ಎಡವಿದ್ದು, ಹೆದರಿದ್ದು, ಮನೆಯವರು ಪಟ್ಟ ಪಾಡು ಎಲ್ಲವನ್ನೂ ಹೇಳುವ ಸ್ವಾತಂತ್ರ್ಯ ಬರುತ್ತದೆ. ಸುನಿತಾ ವಿಲಿಯಮ್ಸ್ ಅವರನ್ನೇ ನೋಡಬಹುದು. 2024ರ ಜೂನ್‌ನಲ್ಲಿ ಬೋಯಿಂಗ್ ಸ್ಟಾರ್‌ಲೈನರ್‌ನ ಪರೀಕ್ಷಾ ಯಾನಕ್ಕೆ ಹೋದದ್ದು ಕೆಲವೇ ದಿನಗಳ ಲೆಕ್ಕದಲ್ಲಿ. ಮರಳಿದ್ದು 286 ದಿನಗಳ ನಂತರ, 2025ರ ಮಾರ್ಚ್‌ನಲ್ಲಿ, ಅದೂ ಸ್ಪೇಸ್‌ಎಕ್ಸ್‌ನ ನೌಕೆಯಲ್ಲಿ. ಮೂರು ಯಾನಗಳಲ್ಲಿ ಒಟ್ಟು 608 ದಿನ, ಒಂಬತ್ತು ಬಾಹ್ಯಾಕಾಶ ನಡಿಗೆ ಅವರ ಹೆಸರಿನಲ್ಲಿವೆ. 2025ರ ಕೊನೆಯಲ್ಲಿ ನಾಸಾದಿಂದ ನಿವೃತ್ತರಾದ ಅವರು 2026ರ ಜನವರಿಯಲ್ಲಿ ಕೋಯಿಕ್ಕೋಡ್‌ನ ಕೇರಳ ಸಾಹಿತ್ಯೋತ್ಸವಕ್ಕೆ ಬಂದಿದ್ದರು. ಮಂಗಳೂರಿನವರಿಗೆ ಅದು ರೈಲು ಹತ್ತಿದರೆ ಅದೇ ದಿನ ತಲುಪುವ ಊರು. ಇಂಥ ಅವಕಾಶ ಯಾವಾಗಲೂ ಇಷ್ಟು ಹತ್ತಿರಕ್ಕೆ ಬರುವುದಿಲ್ಲ.

ನಿವೃತ್ತಿ ಎನ್ನುವುದು ಎಲ್ಲರಿಗೂ ಕೊನೆಯೂ ಅಲ್ಲ. ಅಮೆರಿಕದ ಅಯೊವಾ ರಾಜ್ಯದ ರೈತ ಕುಟುಂಬದಿಂದ ಬಂದ ಪೆಗ್ಗಿ ವಿಟ್ಸನ್ 2018ರಲ್ಲಿ ನಾಸಾ ಬಿಟ್ಟರು. ಮುಂದೆ ಖಾಸಗಿ ಕಂಪನಿ ಆಕ್ಸಿಯಮ್ ಪರವಾಗಿ ಎರಡು ಸಲ ಮೇಲೇರಿದರು. ಎರಡನೆಯ ಸಲ, 2025ರ ಜೂನ್‌ನಲ್ಲಿ, ಅವರ ನೇತೃತ್ವದ ತಂಡದಲ್ಲಿ ಇದ್ದವರೇ ಭಾರತದ ಶುಭಾಂಶು ಶುಕ್ಲಾ.

ಎಲ್ಲಿ ಸಿಗುತ್ತಾರೆ

ಗಗನಯಾತ್ರಿಯ ಮಾತು ಕೇಳಲು ಜಗತ್ತಿನಲ್ಲಿ ಅತ್ಯಂತ ಖಾತರಿಯ ಜಾಗ ಅಮೆರಿಕದ ಫ್ಲಾರಿಡಾದಲ್ಲಿರುವ ಕೆನಡಿ ಸ್ಪೇಸ್ ಸೆಂಟರ್‌ನ ಸಂದರ್ಶಕರ ಸಂಕೀರ್ಣ. ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೋದ ಕನ್ನಡದ ಅಪ್ಪ–ಅಮ್ಮಂದಿರು ಮೊಮ್ಮಕ್ಕಳೊಂದಿಗೆ ಒರ್ಲ್ಯಾಂಡೊಗೆ ಹೋಗುವುದು ಸಾಮಾನ್ಯ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ಹಾದಿ. ಬಾಹ್ಯಾಕಾಶಕ್ಕೆ ಹೋಗಿ ಬಂದ ಹಿರಿಯರು ಸರದಿಯ ಮೇಲೆ ಅಲ್ಲಿಗೆ ಬಂದು ಜನರೊಂದಿಗೆ ಮಾತನಾಡುತ್ತಾರೆ. ಸಣ್ಣ ಗುಂಪಿನೊಂದಿಗೆ ಕುಳಿತು ಹರಟುವ, ಬೇರೆಯೇ ಟಿಕೆಟ್ ಇರುವ ಕಾರ್ಯಕ್ರಮವೂ ಉಂಟು. ಅದಕ್ಕೆ ಸೀಟು ಕಡಿಮೆ, ಮುಂಗಡವಾಗಿ ಕಾದಿರಿಸುವುದೇ ಸರಿ. ಯಾವ ದಿನ ಯಾರು ಬರುತ್ತಾರೆ ಎಂಬುದನ್ನು ಸಂಕೀರ್ಣದ ಜಾಲತಾಣದಲ್ಲಿ ಮೊದಲೇ ಪ್ರಕಟಿಸುತ್ತಾರೆ. ಆ ಹೆಸರನ್ನು ನೋಡಿ ದಿನ ಆರಿಸಿಕೊಳ್ಳುವುದು ಜಾಣತನ. ರಾಕೆಟ್ ಉಡಾವಣೆ ಇರುವ ದಿನ ವೇಳಾಪಟ್ಟಿ ಬದಲಾಗಬಹುದು ಎಂಬುದೂ ಲೆಕ್ಕದಲ್ಲಿರಬೇಕು.

ಆ ದಿನದ ಓಡಾಟಕ್ಕೂ ಒಂದು ಕ್ರಮ ಬೇಕು. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಅಟ್ಲಾಂಟಿಸ್ ಷಟಲ್ ಇರುವ ಕಟ್ಟಡಕ್ಕೆ ಹೋಗಬೇಕು. 33 ಯಾನ ಮುಗಿಸಿ 2011ರ ಜುಲೈನಲ್ಲಿ ಕೊನೆಯದಾಗಿ ಇಳಿದ ಆ ನೌಕೆಯನ್ನು 43.21 ಡಿಗ್ರಿ ಓರೆಯಾಗಿ, ಸರಕುಕೋಣೆಯ ಬಾಗಿಲು ತೆರೆದು, ಹಾರಾಟದಲ್ಲೇ ಇರುವಂತೆ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಹಬಲ್ ದೂರದರ್ಶಕದ ಪೂರ್ಣಗಾತ್ರದ ಪ್ರತಿರೂಪವಿದೆ. ಅದೇ ಕಟ್ಟಡದಲ್ಲಿ ಚಾಲೆಂಜರ್ ಮತ್ತು ಕೊಲಂಬಿಯಾ ದುರಂತಗಳಲ್ಲಿ ಮಡಿದ 14 ಮಂದಿಯ ಸ್ಮಾರಕ ಕೋಣೆಯೂ ಇದೆ. ಕಲ್ಪನಾ ಚಾವ್ಲಾ ಆ 14 ಮಂದಿಯಲ್ಲಿ ಒಬ್ಬರು. ಇವಿಷ್ಟನ್ನು ನೋಡಿ ಆಮೇಲೆ ಮಾತು ಕೇಳಲು ಕುಳಿತವರಿಗೆ, ಭಾಷಣಕಾರರು 'ಸರಕುಕೋಣೆಯ ಆ ತುದಿಗೆ ಹೋದೆ' ಎಂದಾಗ ಆ ತುದಿ ಎಲ್ಲಿದೆ ಎಂದು ಕಣ್ಣಿಗೇ ಕಟ್ಟುತ್ತದೆ. ಚಂದ್ರನಿಗೆ ಹೋದ ಸ್ಯಾಟರ್ನ್–5 ರಾಕೆಟ್ ನೋಡಲು ಬಸ್ ಹತ್ತಬೇಕು, ಹೋಗಿ ಬರಲು ಎರಡು ಗಂಟೆಗೂ ಹೆಚ್ಚು ಬೇಕು. ಭಾಷಣಕ್ಕೆ ಮುಂಚೆ ಆ ಬಸ್ ಹತ್ತಿದರೆ ಸಮಯಕ್ಕೆ ವಾಪಸು ಬರಲಾಗದೆ ಪರದಾಡಬೇಕಾದೀತು. ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದೇ ಮೇಲು.

ಟೆಕ್ಸಸ್ ಕಡೆಯವರಿಗೆ ಸ್ಪೇಸ್ ಸೆಂಟರ್ ಹ್ಯೂಸ್ಟನ್ ಇದೆ. ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಮಗ್ಗುಲಲ್ಲೇ ಇರುವುದರಿಂದ ನಿವೃತ್ತರಾಗಿ ಅದೇ ಊರಿನಲ್ಲಿ ನೆಲೆಸಿದವರು ಅಲ್ಲಿನ ಕಾರ್ಯಕ್ರಮಗಳಿಗೆ ಬರುತ್ತಾರೆ. ಯುರೋಪಿನಲ್ಲಿರುವವರು ಸ್ಟಾರ್ಮಸ್ ಉತ್ಸವದ ಮೇಲೆ ಕಣ್ಣಿಡಬಹುದು. 2011ರಲ್ಲಿ ನಡೆದ ಅದರ ಮೊದಲ ಆವೃತ್ತಿಗೆ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಅಲೆಕ್ಸಿ ಲಿಯೊನೊವ್ ಇಬ್ಬರೂ ಬಂದಿದ್ದರು. ಇಬ್ಬರೂ ಈಗಿಲ್ಲ.

ಈ ಮಾತನ್ನು ಸುಮ್ಮನೆ ಹೇಳಿದ್ದಲ್ಲ. ಚಂದ್ರನ ಮೇಲೆ ಹೆಜ್ಜೆಯಿಟ್ಟವರು 12 ಮಂದಿ. ಕೊನೆಯ ಯಾನ 1972ರ ಡಿಸೆಂಬರ್‌ನ ಅಪೊಲೊ–17. ಆ 12ರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯವರು, ಎಲ್ಲರೂ 90 ದಾಟಿದವರು. ಅವರಲ್ಲೊಬ್ಬರ ಮಾತಿನ ಕಾರ್ಯಕ್ರಮ ಎಲ್ಲಾದರೂ ಗೊತ್ತಾದರೆ ಮುಂದಿನ ವರ್ಷ ನೋಡೋಣ ಎನ್ನಬಾರದು.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಊರಿಗೆ ಈ ಲೋಕದ ನಂಟು ಹಳೆಯದು. ರಾಕೇಶ್ ಶರ್ಮಾ ಎಚ್‌ಎಎಲ್‌ನಲ್ಲಿ ಮುಖ್ಯ ಪರೀಕ್ಷಾ ಪೈಲಟ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದ್ದು ಇಲ್ಲೇ. ಇಸ್ರೊದ ಮಾನವ ಬಾಹ್ಯಾಕಾಶ ಯಾನ ಕೇಂದ್ರ 2019ರಿಂದ ಇಲ್ಲಿದೆ. ಸಾರ್ವಜನಿಕ ಉಪನ್ಯಾಸಗಳ ಸುದ್ದಿಗೆ ಜವಾಹರಲಾಲ್ ನೆಹರು ತಾರಾಲಯ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳು, ಯಲಹಂಕದ ಏರೋ ಇಂಡಿಯಾ ಸುತ್ತಮುತ್ತಲ ದಿನಗಳು ಇವುಗಳ ಮೇಲೆ ನಿಗಾ ಇಡಬೇಕು. ಪತ್ರಿಕೆಗಳ 'ನಗರದಲ್ಲಿ ಇಂದು' ಅಂಕಣದ ಸಣ್ಣ ಅಕ್ಷರಗಳಲ್ಲೂ ಇಂಥ ಸುದ್ದಿ ಅಡಗಿ ಕುಳಿತಿರುತ್ತದೆ. ಪ್ರವೇಶ ಉಚಿತವಿದ್ದರೂ ಹೆಸರು ನೋಂದಾಯಿಸಬೇಕಾದ ಸಂದರ್ಭಗಳೇ ಹೆಚ್ಚು.

ಹಿಂದಿನ ದಿನದ ಒಂದು ಗಂಟೆ

ತಯಾರಿಗೆ ದೊಡ್ಡ ಓದೇನೂ ಬೇಡ. ಬರುವವರು ಯಾವ ವರ್ಷ, ಯಾವ ನೌಕೆಯಲ್ಲಿ, ಯಾರ ಜೊತೆ ಹೋಗಿದ್ದರು, ಅಲ್ಲಿ ಅವರ ಪಾಲಿನ ಕೆಲಸವೇನಿತ್ತು ಎಂಬ ನಾಲ್ಕು ಸಂಗತಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ನಾಸಾದ ಜಾನ್ಸನ್ ಕೇಂದ್ರ ನಡೆಸಿದ ಮೌಖಿಕ ಇತಿಹಾಸ ಯೋಜನೆಯಲ್ಲಿ ಗಗನಯಾತ್ರಿಗಳಲ್ಲದೆ ಎಂಜಿನಿಯರ್‌ಗಳು, ಯಾನ ನಿಯಂತ್ರಕರು ಕೊಟ್ಟ ದೀರ್ಘ ಸಂದರ್ಶನಗಳ ಬರಹರೂಪ ಉಚಿತವಾಗಿ ಸಿಗುತ್ತದೆ. ಇನ್ನೊಂದು ಉಪಾಯವೂ ಇದೆ. ಬರುವವರ ಹಳೆಯ ಭಾಷಣವೊಂದನ್ನು ಯೂಟ್ಯೂಬ್‌ನಲ್ಲಿ ಪೂರ್ತಿ ನೋಡಿಬಿಡುವುದು. ಹಲವರು ಒಂದೇ ಭಾಷಣವನ್ನು, ಅದೇ ಚಿತ್ರಗಳೊಂದಿಗೆ, ಊರೂರಲ್ಲಿ ಮಾಡುತ್ತಾರೆ. ಅದನ್ನು ಮೊದಲೇ ಕೇಳಿದವರಿಗೆ ಆ ಭಾಷಣ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿರುತ್ತದೆ. ಅವರ ಪ್ರಶ್ನೆ ಅಲ್ಲಿಂದ ಮುಂದಕ್ಕೆ ಹೊರಡುತ್ತದೆ.

ಮೈಕ್ ಮಾಸಿಮಿನೊ ಅವರ ಕಥೆಯನ್ನು ತೆಗೆದುಕೊಳ್ಳಬಹುದು. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್‌ನಲ್ಲಿ ಹೋಗಿ ಹಬಲ್ ದೂರದರ್ಶಕವನ್ನು ರಿಪೇರಿ ಮಾಡಿದ ತಂಡದಲ್ಲಿ ಅವರಿದ್ದರು. ದೂರದ ನಕ್ಷತ್ರಗಳ ಸುತ್ತಲಿನ ಗ್ರಹಗಳ ವಾತಾವರಣವನ್ನು ಕೂಡ ಪರೀಕ್ಷಿಸಬಲ್ಲ ಒಂದು ರೋಹಿತಮಾಪಕ 2004ರಿಂದ ಕೆಟ್ಟು ಕೂತಿತ್ತು. ಬಾಹ್ಯಾಕಾಶದಲ್ಲಿ ಬಿಚ್ಚುವ ಉದ್ದೇಶದಿಂದ ಮಾಡಿದ ಉಪಕರಣವೇ ಅಲ್ಲ ಅದು. ಮುಚ್ಚಳಕ್ಕೆ ನೂರಕ್ಕೂ ಮಿಕ್ಕಿದ ಪುಟ್ಟ ತಿರುಪುಗಳು. ಒಂದೇ ಒಂದು ಕೈಜಾರಿ ಹಬಲ್‌ನ ಒಳಗೆ ತೇಲಿಹೋದರೂ ಅನಾಹುತ. ಅದಕ್ಕೆಂದೇ ತಿರುಪುಗಳನ್ನು ಹಿಡಿದಿಡುವ ವಿಶೇಷ ಫಲಕ ತಯಾರಾಗಿತ್ತು, ವರ್ಷಗಟ್ಟಲೆ ಅಭ್ಯಾಸ ನಡೆದಿತ್ತು. ಕೊನೆಗೆ ಕೈಕೊಟ್ಟದ್ದು ಆ ಪುಟ್ಟ ತಿರುಪುಗಳಲ್ಲ. ಮುಚ್ಚಳಕ್ಕೆ ಅಡ್ಡವಾಗಿದ್ದ ಸಾದಾ ಹಿಡಿಕೆಯ ನಾಲ್ಕು ಬೋಲ್ಟುಗಳಲ್ಲಿ ಒಂದರ ತಲೆ ಸವೆದುಹೋಯಿತು. ಉಪಕರಣ ಎಷ್ಟು ತಿರುಗಿಸಿದರೂ ಬೋಲ್ಟು ಕದಲಲಿಲ್ಲ. ಅದು ಬಾರದೆ ಮುಚ್ಚಳ ಬಾರದು, ಮುಚ್ಚಳ ಬಾರದೆ ರಿಪೇರಿ ಇಲ್ಲ.

ಈ ಹಂತದಲ್ಲಿ ಮಾಸಿಮಿನೊ ಅನುಭವಿಸಿದ ಸಂಕಟವನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆದರೆ ಕಥೆಯ ಇನ್ನೊಂದು ಅರ್ಧ ನಡೆದದ್ದು ನೆಲದ ಮೇಲೆ. ಮೇರಿಲ್ಯಾಂಡ್‌ನ ಗೊಡಾರ್ಡ್ ಕೇಂದ್ರದಲ್ಲಿದ್ದ ಎಂಜಿನಿಯರ್‌ಗಳು ಅಂಥದೇ ಹಿಡಿಕೆಯೊಂದನ್ನು ಹುಡುಕಿ, ಒಂದು ಬೋಲ್ಟು ಮಾತ್ರ ಉಳಿಸಿ, ಕೈಯಿಂದ ಎಳೆದು ಕಿತ್ತರೆ ಎಷ್ಟು ಬಲ ಬೇಕು ಎಂದು ಅಳೆದರು. ಕೀಳಬಹುದು ಎಂಬ ಸಂದೇಶ ಮೇಲಕ್ಕೆ ಹೋಯಿತು. ಚೂರುಗಳು ಹಾರದಂತೆ ಟೇಪು ಸುತ್ತಿ ಮಾಸಿಮಿನೊ ಆ ಹಿಡಿಕೆಯನ್ನು ಜಗ್ಗಿ ಕಿತ್ತೇಬಿಟ್ಟರು. ಆಮೇಲೆ ನೂರು ಚಿಲ್ಲರೆ ತಿರುಪುಗಳ ಕೆಲಸ ಶುರು. ಉಪಕರಣ ಮತ್ತೆ ಜೀವ ಪಡೆಯಿತು.

ಇದನ್ನು ಓದಿಕೊಂಡು ಹೋದವರು ಸಭೆಯಲ್ಲಿ 'ಬಾಹ್ಯಾಕಾಶದಲ್ಲಿ ಭಯವಾಗಲಿಲ್ಲವೇ' ಎಂದು ಕೇಳುವುದಿಲ್ಲ. 'ಕೀಳಬಹುದು ಎಂಬ ನಿರ್ಧಾರ ತೆಗೆದುಕೊಂಡವರು ಯಾರು? ಕಿತ್ತಾಗ ಕೈಗವಸು ಹರಿದಿದ್ದರೆ ಏನು ಮಾಡುವುದೆಂದು ಮೊದಲೇ ಮಾತಾಗಿತ್ತೇ? ಆ ಎಂಜಿನಿಯರ್‌ಗಳನ್ನು ಆಮೇಲೆ ಭೇಟಿಯಾದಿರಾ?' ಎಂದು ಕೇಳುತ್ತಾರೆ. ಇಂಥ ಪ್ರಶ್ನೆ ಬಂದಾಗ ಭಾಷಣಕಾರ ಸಿದ್ಧ ಉತ್ತರವನ್ನು ಬದಿಗಿಟ್ಟು ನೆನಪಿನೊಳಕ್ಕೆ ಇಳಿಯಲೇಬೇಕಾಗುತ್ತದೆ. ಇಡೀ ಸಭೆಗೆ ಅದರ ಲಾಭ.

ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಅವರದೂ ಹೀಗೇ ಬಿಡಿಸಿ ನೋಡಬೇಕಾದ ಪ್ರಸಂಗ. 2001ರ ಏಪ್ರಿಲ್‌ನಲ್ಲಿ ಮೊದಲ ಬಾಹ್ಯಾಕಾಶ ನಡಿಗೆಯಲ್ಲಿದ್ದಾಗ, ಶಿರಸ್ತ್ರಾಣದ ಗಾಜಿಗೆ ಮಂಜು ಕಟ್ಟದಿರಲೆಂದು ಬಳಿದಿದ್ದ ದ್ರವ ಒಂದು ಕಣ್ಣಿಗೆ ಹೋಯಿತು. ಉರಿ ತಾಳಲಾರದೆ ಕಣ್ಣೀರು ಬಂತು. ಅಲ್ಲಿ ಕಣ್ಣೀರು ಕೆಳಕ್ಕೆ ಹರಿಯುವುದಿಲ್ಲ, ಕಣ್ಣಿನ ಮೇಲೇ ಉಂಡೆಗಟ್ಟುತ್ತದೆ. ಅದು ಇನ್ನೊಂದು ಕಣ್ಣಿಗೂ ಹರಡಿ ಎರಡೂ ಕಾಣದಂತಾದವು. ಹ್ಯಾಡ್‌ಫೀಲ್ಡ್ ಗಾಬರಿ ಬೀಳಲಿಲ್ಲ. ಕಣ್ಣು ತಿಳಿಯಾಗುವವರೆಗೆ ಕಾದು ಕೆಲಸ ಮುಂದುವರಿಸಿದರು. 2014ರ ಟೆಡ್ ಭಾಷಣದಲ್ಲಿ ಅವರು ಇದನ್ನು ವಿವರವಾಗಿ ಹೇಳಿದ್ದಾರೆ. ಹಾಗಾಗಿ ಸಭೆಯಲ್ಲಿ ಕೇಳಬೇಕಾದದ್ದು ಆ ಘಟನೆಯನ್ನಲ್ಲ, ಆ ಶಾಂತಿಯ ಹಿಂದಿನ ತರಬೇತಿಯನ್ನು. ಹ್ಯೂಸ್ಟನ್‌ನ ತರಬೇತಿ ಕೊಳ 62 ಮೀಟರ್ ಉದ್ದ, 31 ಮೀಟರ್ ಅಗಲ, 12 ಮೀಟರ್ ಆಳ. ಅದರ ತಳದಲ್ಲಿ ನಿಲ್ದಾಣದ ಮಾದರಿಗಳನ್ನಿಟ್ಟು ನಡಿಗೆಯ ಅಭ್ಯಾಸ ಮಾಡಿಸುತ್ತಾರೆ. ಆ ನೀರಿನಲ್ಲಿ ಕಲಿತದ್ದು ಯಾವುದು, ನೀರಿನಲ್ಲಿ ಕಲಿಯಲು ಆಗದೇ ಉಳಿದದ್ದು ಯಾವುದು ಎಂಬ ಪ್ರಶ್ನೆಗೆ ಒಬ್ಬೊಬ್ಬರ ಉತ್ತರ ಒಂದೊಂದು ಥರ ಇರುತ್ತದೆ.

ಕೆಲವು ಮೂಲ ಸಂಗತಿಗಳು ಮೊದಲೇ ತಿಳಿದಿದ್ದರೆ ಮಾತಿನ ಎಳೆ ತಪ್ಪುವುದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವ 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ಮಾಯವಾಗಿರುವುದಿಲ್ಲ. ನೆಲದ ಮೇಲಿನದರ ಶೇ 90ರಷ್ಟು ಇದ್ದೇ ಇರುತ್ತದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೇಲುತ್ತಾರೆ. ಸುಮಾರು 90 ನಿಮಿಷಕ್ಕೆ ಒಂದು ಸುತ್ತು, ದಿನಕ್ಕೆ 16 ಸೂರ್ಯೋದಯ. ದೇಹದ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತವೆ, ಅದಕ್ಕೇ ದಿನಕ್ಕೆ ಎರಡು ಗಂಟೆ ವ್ಯಾಯಾಮ. ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಶುದ್ಧೀಕರಿಸಿ ನೀರಿನ ಶೇ 98 ಭಾಗವನ್ನು ಮರಳಿ ಪಡೆಯುವ ಗುರಿಯನ್ನು 2023ರಲ್ಲಿ ಅಲ್ಲಿ ಮುಟ್ಟಿದರು. ಶೌಚಾಲಯ ಹೇಗಿರುತ್ತದೆ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುವಂಥದು. ನೀರಿನ ಬದಲು ಗಾಳಿಯ ಸೆಳೆತದಿಂದ ಕೆಲಸ ಮಾಡುತ್ತದೆ ಎಂದು ಮಕ್ಕಳಿಗೆ ಮನೆಯಲ್ಲೇ ಹೇಳಿಬಿಟ್ಟರೆ ಸಭೆಯಲ್ಲಿ ಅವರ ಸರದಿ ಇನ್ನೊಂದು ಪ್ರಶ್ನೆಗೆ ಉಳಿಯುತ್ತದೆ.

ಮಕ್ಕಳು, ಕನ್ನಡ ಮತ್ತು ಮೈಕು

ಈ ಸಭೆಗಳು ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತವೆ. ಕನ್ನಡ ಮಾಧ್ಯಮದ ಮಗುವಿಗೆ ವಿಷಯ ಅರ್ಥವಾಗದೆ ಹೋಗುವುದಕ್ಕಿಂತ, ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಎಂಬ ಅಂಜಿಕೆಯೇ ದೊಡ್ಡದಾಗಿ ಕಾಡುತ್ತದೆ. ಇದಕ್ಕೆ ದಾರಿಯಿದೆ. ಪ್ರಶ್ನೆಯನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದು, ಅದರ ಕೆಳಗೆ ಇಂಗ್ಲಿಷ್ ರೂಪವನ್ನೂ ಬರೆದುಕೊಂಡು ಹೋಗುವುದು. ಸಭೆ ಶುರುವಾಗುವ ಮುನ್ನ ಸಂಘಟಕರನ್ನು ಕಂಡು, ಮಗು ಕನ್ನಡದಲ್ಲಿ ಕೇಳುತ್ತದೆ, ಒಬ್ಬರು ಅನುವಾದಿಸಿ ಹೇಳಬಹುದೇ ಎಂದು ವಿಚಾರಿಸುವುದು. ಬೆಂಗಳೂರು, ಮೈಸೂರು, ಧಾರವಾಡಗಳ ಸಭಾಂಗಣದಲ್ಲಿ ಇದಕ್ಕೆ ಬೇಡ ಎನ್ನುವವರು ಸಿಗಲಾರರು. ರಷ್ಯನ್ ಕಲಿತು ರಷ್ಯನ್ನರ ನಡುವೆ ಹಾರಿದ ರಾಕೇಶ್ ಶರ್ಮಾರಂಥವರಿಗೆ ಪರಭಾಷೆಯ ಮುಂದೆ ತೊದಲುವ ಕಷ್ಟ ಗೊತ್ತಿಲ್ಲದ್ದೇನಲ್ಲ.

ಸಣ್ಣ ಮಕ್ಕಳ ವಿಷಯದಲ್ಲಿ ಒತ್ತಾಯ ಸಲ್ಲದು. ಒಂದು ಗಂಟೆ ಕುಳಿತು ಕೇಳುವ ತಾಳ್ಮೆ ಸಾಮಾನ್ಯವಾಗಿ ಎಂಟು–ಒಂಬತ್ತು ವರ್ಷಕ್ಕೆ ಬರುತ್ತದೆ. ಅದಕ್ಕಿಂತ ಚಿಕ್ಕವರನ್ನು ಕರೆದೊಯ್ದರೆ ಸಾಲಿನ ಅಂಚಿನ ಕುರ್ಚಿ ಹಿಡಿಯುವುದು ಒಳ್ಳೆಯದು. ಪ್ರಶ್ನೆ ಕೇಳುವ ಆಸೆಯಿದ್ದವರೂ ನಡುಹಾದಿಯ ಪಕ್ಕ ಕುಳಿತರೆ ಮೈಕು ಹಿಡಿದ ಸ್ವಯಂಸೇವಕರ ಕಣ್ಣಿಗೆ ಬೇಗ ಬೀಳುತ್ತಾರೆ. ಪ್ರಶ್ನೆ ಒಂದೇ ಇರಲಿ, ಎರಡು ವಾಕ್ಯ ಮೀರದಿರಲಿ. ಪ್ರಶ್ನೆಯ ನೆಪದಲ್ಲಿ ಸಣ್ಣ ಭಾಷಣ ಮಾಡುವವರು ಹಿಂದೆ ಕಾದು ನಿಂತ ಮಕ್ಕಳ ಸಮಯವನ್ನೇ ತಿನ್ನುತ್ತಾರೆ. ದೊಡ್ಡವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಕೇಳುವ ಧಾಟಿಗೂ ಸೂಕ್ಷ್ಮ ಬೇಕು. ಷಟಲ್ ಯುಗದ ಗಗನಯಾತ್ರಿಗಳಿಗೆ 2003ರ ಫೆಬ್ರುವರಿ 1ರ ಕೊಲಂಬಿಯಾ ದುರಂತ ಪಠ್ಯಪುಸ್ತಕದ ಘಟನೆಯಲ್ಲ. ಮಡಿದ ಏಳು ಮಂದಿ ಅವರ ಜೊತೆ ಕಲಿತವರು, ನೆರೆಹೊರೆಯವರು. ಮಾಸಿಮಿನೊ 2002ರ ಮಾರ್ಚ್‌ನಲ್ಲಿ ಹಾರಿದ್ದು ಅದೇ ಕೊಲಂಬಿಯಾದಲ್ಲಿ. ನೌಕೆ ಸುರಕ್ಷಿತವಾಗಿ ಮರಳಿದ ಕೊನೆಯ ಯಾನ ಅದು. ಕಲ್ಪನಾ ಚಾವ್ಲಾ ಬಗ್ಗೆ ಕೇಳುವ ಹಂಬಲ ಭಾರತೀಯರಿಗೆ ಇರುವುದು ಸಹಜ. ಅವರ ಸಾವಿನ ಕ್ಷಣಗಳನ್ನು ಕೆದಕುವುದಕ್ಕಿಂತ, ತರಬೇತಿಯಲ್ಲಿ ಅವರು ಹೇಗಿದ್ದರು, ಕೆಲಸ ಹೇಗೆ ಮಾಡುತ್ತಿದ್ದರು ಎಂದು ಕೇಳಿದರೆ ಉತ್ತರ ಮನಸ್ಸು ತುಂಬಿ ಬರುತ್ತದೆ. ಚಂದ್ರಯಾನವೇ ಸುಳ್ಳು ಎಂಬ ವಾದವನ್ನು ಅಪೊಲೊ ಯಾತ್ರಿಗಳ ಮುಖಕ್ಕೆ ಹಿಡಿಯುವುದಂತೂ ಸಲ್ಲ. ಬದಲಿಗೆ ಅಪೊಲೊ 11, 14, 15ರ ತಂಡಗಳು ಅಲ್ಲಿ ಇಟ್ಟು ಬಂದ ಪ್ರತಿಫಲಕಗಳ ಬಗ್ಗೆ ಕೇಳಬಹುದು. ಇಂದಿಗೂ ಭೂಮಿಯಿಂದ ಅವುಗಳಿಗೆ ಲೇಸರ್ ಕಿರಣ ಬಿಟ್ಟು ದೂರ ಅಳೆಯುತ್ತಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್‌ನಷ್ಟು ದೂರ ಸರಿಯುತ್ತಿರುವುದು ತಿಳಿದದ್ದು ಹಾಗೆ.

ಇನ್ನು 'ನಾನೂ ಗಗನಯಾತ್ರಿ ಆಗಬೇಕು' ಎನ್ನುವ ಮಗುವಿನ ಪ್ರಶ್ನೆ. ಇದಕ್ಕೆ ಚಪ್ಪಾಳೆಯ ಜೊತೆಗೆ ನಿಜವೂ ಸಿಗಬೇಕು. 2017ರಲ್ಲಿ ನಾಸಾ ಆರಿಸಿದ 12 ಜನರಿಗಾಗಿ ಬಂದ ಅರ್ಜಿಗಳು 18,300ಕ್ಕೂ ಹೆಚ್ಚು. ನೆಬ್ರಾಸ್ಕಾದ ಕ್ಲೇಟನ್ ಆಂಡರ್ಸನ್ ಆಯ್ಕೆಯಾದದ್ದು 15ನೆಯ ಅರ್ಜಿಗೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ವಲಸೆ ಕುಟುಂಬದ ಹೊಸೆ ಹೆರ್ನಾಂಡೆಜ್ 11 ಸಲ ತಿರಸ್ಕೃತರಾಗಿ 2004ರಲ್ಲಿ ಆಯ್ಕೆಯಾದರು, 2009ರಲ್ಲಿ ಹಾರಿದರು. ಮಾಸಿಮಿನೊ ಅವರನ್ನೂ ದೃಷ್ಟಿದೋಷದ ಕಾರಣಕ್ಕೆ ಒಮ್ಮೆ ಕೈಬಿಟ್ಟಿದ್ದರು. ನಾಸಾಗೆ ಅರ್ಜಿ ಹಾಕಲು ಅಮೆರಿಕದ ಪೌರತ್ವ ಬೇಕು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಭಾರತದಲ್ಲಿ ಗಗನಯಾನಕ್ಕೆ ಆಯ್ಕೆಯಾಗಿ 2024ರ ಫೆಬ್ರುವರಿಯಲ್ಲಿ ಹೆಸರು ಹೊರಬಿದ್ದ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು.

ಹಾಗೆಂದು ಬಾಗಿಲು ಮುಚ್ಚಿದೆ ಎಂದಲ್ಲ. ಶುಭಾಂಶು ಶುಕ್ಲಾ 2025ರಲ್ಲಿ ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರುಕಾಳು ಮತ್ತು ಮೆಂತ್ಯದ ಪ್ರಯೋಗ ರೂಪುಗೊಂಡದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದಲ್ಲಿ. ಊಟ ತಯಾರಿಸುವುದು ಮೈಸೂರಿನಲ್ಲಿ, ತರಬೇತಿ ಬೆಂಗಳೂರಿನಲ್ಲಿ. ನಿವೃತ್ತ ಗಗನಯಾತ್ರಿಯನ್ನು 'ನಿಮ್ಮ ಯಾನದಲ್ಲಿ ನೆಲದ ಮೇಲಿದ್ದ ಯಾರ ಕೆಲಸ ನಿಮಗೆ ಅತಿ ಮುಖ್ಯವೆನಿಸಿತು? ಆ ಕೆಲಸಕ್ಕೆ ಏನು ಓದಿರಬೇಕು?' ಎಂದು ಕೇಳಿದ ಹತ್ತನೆಯ ತರಗತಿಯ ಹುಡುಗಿಗೆ ಮುಂದಿನ ಹತ್ತು ವರ್ಷಕ್ಕೆ ಸಾಕಾಗುವಷ್ಟು ದಾರಿ ಆ ಉತ್ತರದಲ್ಲಿ ಸಿಗಬಹುದು.

ಸಹಿ ಮತ್ತು ಫೋಟೊ

ಭಾಷಣದ ನಂತರ ಸಹಿ ಹಾಕುವುದು ಆಯಾ ವ್ಯಕ್ತಿಯ ಇಷ್ಟ. ತಾವು ಹಾಕಿದ ಸಹಿಗಳು ಮಾರಾಟವಾಗುತ್ತಿವೆ, ನಕಲಿಗಳೂ ಹುಟ್ಟಿಕೊಂಡಿವೆ ಎಂದು ತಿಳಿದ ನೀಲ್ ಆರ್ಮ್‌ಸ್ಟ್ರಾಂಗ್ 1994ರ ನಂತರ ಸಹಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು. 1960ರ ದಶಕದಲ್ಲಿ ಅಭಿಮಾನಿಗಳ ಪತ್ರಗಳ ಪ್ರವಾಹ ತಡೆಯಲಾರದೆ ಅಂದಿನ ಗಗನಯಾತ್ರಿಗಳ ಪರವಾಗಿ ಸಹಿಯ ಯಂತ್ರಗಳನ್ನೂ ಬಳಸಿದ್ದರು. ಅಂತರ್ಜಾಲದಲ್ಲಿ ಹಳೆಯ ಗಗನಯಾತ್ರಿಗಳ ಸಹಿ ಎಂದು ಮಾರುವುದನ್ನು ದುಡ್ಡು ಕೊಟ್ಟು ಕೊಳ್ಳುವ ಮುನ್ನ ಇದು ನೆನಪಿರಲಿ. ಕೈಯಲ್ಲಿ ಅವರದೇ ಪುಸ್ತಕವಿದ್ದರೆ ಸಹಿ ಕೇಳುವುದು ಸಹಜವಾಗಿ ನಡೆದುಹೋಗುತ್ತದೆ. ಮಗುವಿನ ಹೆಸರನ್ನೂ ಸೇರಿಸಿ ಬರೆಯಲು ಕೋರಬಹುದು, ಕನ್ನಡದ ಹೆಸರಾದರೆ ಇಂಗ್ಲಿಷ್ ಕಾಗುಣಿತವನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಅವರಿಗೂ ಸುಲಭ. ಸೆಲ್ಫಿಗೆ ನೂಕುನುಗ್ಗಲು ಮಾಡದಿರುವುದು ಲೇಸು. ಬರುವವರಲ್ಲಿ ಅನೇಕರು ವಯಸ್ಸಾದವರು.

ಭಾಷಣ ನಡೆಯುವಾಗ ಫೋನಿನಲ್ಲಿ ಪೂರ್ತಿ ಚಿತ್ರೀಕರಿಸುವ ಬದಲು ಸಣ್ಣ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು ಉತ್ತಮ. ಹೆಸರು, ಇಸವಿ, ಗೊತ್ತಿಲ್ಲದ ಪದ ಇಷ್ಟು ಸಾಕು. ಅದೇ ರಾತ್ರಿ ಮಕ್ಕಳೊಂದಿಗೆ ಕುಳಿತು ಒಂದೊಂದನ್ನೇ ಹುಡುಕಿ ಓದಿದರೆ, ಕೇಳಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

ಶಾಲೆಗೆ ಕರೆಸುವವರಿಗೆ

ನಿವೃತ್ತ ಗಗನಯಾತ್ರಿಗಳು ಸಾಮಾನ್ಯವಾಗಿ ಭಾಷಣಕ್ಕೆ ಗೌರವಧನ ಪಡೆಯುತ್ತಾರೆ, ಕೆಲವರ ವ್ಯವಹಾರ ಏಜೆನ್ಸಿಗಳ ಮೂಲಕ ನಡೆಯುತ್ತದೆ. ಅದು ಅವರ ಈಗಿನ ಜೀವನೋಪಾಯವೂ ಹೌದು, ಹಾಗಾಗಿ ಮೊದಲ ಪತ್ರದಲ್ಲೇ ಶಾಲೆಯ ಶಕ್ತಿಯನ್ನು ಬಿಚ್ಚಿ ಹೇಳುವುದು ಮರ್ಯಾದೆ. ಭೂಮಿಯನ್ನು ಒಂದು ಸುತ್ತಾದರೂ ಸುತ್ತಿ ಬಂದವರ ಸಂಘವಾದ ಅಸೋಸಿಯೇಷನ್ ಆಫ್ ಸ್ಪೇಸ್ ಎಕ್ಸ್‌ಪ್ಲೋರರ್ಸ್ 1985ರಿಂದ ಇದೆ. ಅದರ ವಾರ್ಷಿಕ ಸಮ್ಮೇಳನ ನಡೆಯುವ ದೇಶದಲ್ಲಿ ಒಂದು ದಿನವನ್ನು ಸದಸ್ಯರು ಸುತ್ತಲಿನ ಶಾಲೆ–ಕಾಲೇಜುಗಳಿಗೆ ಹೋಗಲೆಂದೇ ಮೀಸಲಿಡುತ್ತಾರೆ.

ಕಾರ್ಯಕ್ರಮ ಒಪ್ಪಿಗೆಯಾದರೆ ಸ್ವಾಗತ ಭಾಷಣ, ಹಾರ, ಶಾಲು, ಸ್ಮರಣಿಕೆ ಎಲ್ಲವನ್ನೂ ಹತ್ತು ನಿಮಿಷಕ್ಕೆ ಇಳಿಸಬೇಕು. ಪ್ರಶ್ನೆಗಳಿಗೆ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಪ್ರಶ್ನೆಗಳನ್ನು ವಾರದ ಮೊದಲೇ ಮಕ್ಕಳಿಂದ ಚೀಟಿಯಲ್ಲಿ ಬರೆಸಿ, ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಕೇಳುವ ಮಗುವಿಗೇ ಮೈಕು ಕೊಡಬೇಕು. ಪ್ರಶ್ನೆಗಳನ್ನು ಮೇಷ್ಟ್ರೇ ಓದಿಬಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹೀಗೆ ಸಾಲಾಗಿ, ಚುಟುಕಾಗಿ ಕೇಳುವ ಶಿಸ್ತು ನೋಡಬೇಕಾದರೆ ಹ್ಯಾಮ್ ರೇಡಿಯೊ ಸಂಪರ್ಕಗಳನ್ನು ನೋಡಬೇಕು. 2025ರ ಜುಲೈನಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳು ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರೊಂದಿಗೆ ಹೀಗೆ ಮಾತನಾಡಿದ್ದರು. ನಿಲ್ದಾಣ ರೇಡಿಯೊ ಕೇಂದ್ರವೊಂದರ ಆಕಾಶವನ್ನು ದಾಟಿಹೋಗುವ ಸುಮಾರು ಹತ್ತು ನಿಮಿಷವಷ್ಟೇ ಮಾತು. ಪ್ರತಿ ಪ್ರಶ್ನೆಯ ಕೊನೆಗೆ 'ಓವರ್' ಎಂದು ಹೇಳಿ ಉತ್ತರಕ್ಕೆ ಕಾಯಬೇಕು. ಏರಿಸ್ ಎಂಬ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಕಾರ್ಯಕ್ರಮ ಇಂಥ ಸಂಪರ್ಕಗಳಿಗೆ ಶಾಲೆಗಳಿಂದ ಅರ್ಜಿ ಸ್ವೀಕರಿಸುತ್ತದೆ. ಅರ್ಜಿ ಹಾಕುವ ಶಾಲೆಗೆ ಪರವಾನಗಿ ಇರುವ ಹ್ಯಾಮ್‌ಗಳ ನೆರವು ಬೇಕಾಗುತ್ತದೆ. ಬೆಂಗಳೂರಿನಲ್ಲಿ ಅಂಥ ಸಂಘಗಳಿವೆ, ಶಾಲೆಯ ವಿಜ್ಞಾನ ಶಿಕ್ಷಕರು ಮೊದಲು ಅವರನ್ನು ಸಂಪರ್ಕಿಸಬಹುದು.